ನಮ್ಮತ್ತೆಯೂ ಇಂಗ್ಲೆಂಡಿನ ಪ್ಲೇಟೂ

ಇಂಗ್ಲೆಂಡಿನ ಪಂಕ್ ಸಂಗೀತವನ್ನು ಹೊಸನಗರಕ್ಕೆ ತಂದವಳು ನನ್ನ ಸೋದರತ್ತೆ. ನಗಬೇಡಿ! ನನ್ನ ನೆನಪನ್ನು ನಾನೂ ಅಷ್ಟಾಗಿ ನಂಬುವುದಿಲ್ಲ. ಆದರೆ ಇದು ಡೈರಿಯಲ್ಲಿದೆ. ಆ ಡೈರಿ ಬರೆದವಳೂ ನಾನೇ ಎಂಬುದು ಬೇರೆ ಮಾತು.

ಅತ್ತೆ ಹೊಸನಗರದಲ್ಲಿ ಪ್ರೈಮರಿ ಶಾಲೆಯ ಟೀಚರ್. ಬಳೆಗೆ ಯಾವಾಗಲೂ ಏಳೆಂಟು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದಳು. ಗುಂಡಿ ಕಿತ್ತ ಅಂಗಿಯ ಹುಡುಗರು ಶಾಲೆಯಲ್ಲಿ ಕಡಿಮೆಯೇ? ಅವಳಿಗೆ ಮದುವೆಯಾಗಲಿಲ್ಲ. ಕಾರಣ, ಹಾಡು. ಹುಡುಗಿ ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಬಾಯಿ ಒರೆಸಿಕೊಂಡು, “ಒಂದು ಹಾಡು ಹೇಳಮ್ಮ” ಎನ್ನುವುದು ಆಗಿನ ಪದ್ಧತಿ. ಸಂಸಾರ ಮಾಡಲು ರಾಗ ಯಾಕೆ ಬೇಕೋ! ಅತ್ತೆಗೆ ಬರುತ್ತಿದ್ದದ್ದು ಒಂದೇ ದೇವರ ಹಾಡು. ಕಂಠವೋ, ಎಣ್ಣೆಯನ್ನೇ ಕಾಣದ ಕಬ್ಬಿನ ಗಾಣ. ಪಲ್ಲವಿ ಮುಗಿಯುವುದರೊಳಗೆ ಬಂದವರು “ಸಾಕಮ್ಮ, ಸಾಕು” ಎಂದು ಚಪ್ಪಲಿ ಹುಡುಕುತ್ತಿದ್ದರಂತೆ. ಹೀಗೆ ಬಂದು ಹೋದವರು ಏಳು ಜನ ಎಂದು ಅಪ್ಪ ಹೇಳುತ್ತಿದ್ದರು. ಅಮ್ಮನ ಲೆಕ್ಕದಲ್ಲಿ ಐದು. ಕೊನೆಯವರು ಹೋದ ಮೇಲೆ ಅಜ್ಜ, “ಇನ್ನು ನೀನು ಬಾಯಿ ಬಿಡೋದು ಊಟಕ್ಕೆ ಮಾತ್ರ ಆಯ್ತಾ” ಎಂದರಂತೆ. ತಮಾಷೆಗೆ ಅಂದರು ಎಂದು ಎಲ್ಲರೂ ಹೇಳುತ್ತಾರೆ. ಅತ್ತೆ ಮಾತ್ರ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಹದಿನೈದು ವರ್ಷ ಶಾಲೆಯ ಪ್ರಾರ್ಥನೆಯಲ್ಲೂ ಬರೀ ತುಟಿ ಆಡಿಸಿದಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಾರ್ಗಲ್ಲಿನ ಎಂಜಿನಿಯರೊಬ್ಬರಿಗೆ ವರ್ಗವಾಯಿತು. ಟ್ರೇನಿಂಗಿಗೆಂದು ಇಂಗ್ಲೆಂಡಿಗೆ ಹೋಗಿ ಬಂದಿದ್ದವರು. ಸಾಮಾನು ಹೆಚ್ಚಾಯಿತೆಂದು ರೆಕಾರ್ಡ್ ಪ್ಲೇಯರನ್ನೂ ಒಂದು ಡಬ್ಬ ಪ್ಲೇಟುಗಳನ್ನೂ ಮಾರಿದರು. ಭಕ್ತಿಗೀತೆ ಕೇಳಬಹುದೆಂದು ಅತ್ತೆ ಕೊಂಡಳು. ಅದರಲ್ಲಿ ಇದೂ ಇತ್ತು: ರಟ್ಟಿನ ಮೇಲೆ ಮುಳ್ಳುಹಂದಿಯಂಥ ತಲೆಗೂದಲಿನ ನಾಲ್ಕು ಹುಡುಗರು, ಹರಿದ ಅಂಗಿ, ಅಂಗಿಯ ತುಂಬಾ ಪಿನ್ನು! ಎಂ.ಎ. ರಜೆಗೆ ಅವಳ ಮನೆಗೆ ಬಂದಿದ್ದ ನಾನು ಪಕ್ಕದಲ್ಲೇ ಕೂತಿದ್ದೆ. ಅತ್ತೆ ಒಮ್ಮೆ ಚಿತ್ರ ನೋಡಿದಳು, ಒಮ್ಮೆ ತನ್ನ ಬಳೆ ನೋಡಿಕೊಂಡಳು.

“ಪಾಪ, ಇವರ ಮನೇಲೂ ಗುಂಡಿ ಹಾಕೋರಿಲ್ಲ ಅಂತ ಕಾಣ್ತದೆ!”

ಪ್ಲೇಟು ಹಾಕಿದೆವು. ಸ್ಪೀಡು ತಪ್ಪಿರಬೇಕು ಅನ್ನಿಸಿತು. ಇದ್ದ ಮೂರೂ ಸ್ಪೀಡಿನಲ್ಲಿ ಹಾಕಿ ನೋಡಿದೆವು. ಮೂರರಲ್ಲೂ ಜಗಳವೇ! ಪಕ್ಕದಲ್ಲೇ ಇದ್ದ ಮನೆ ಮಾಲೀಕರು ಓಡಿ ಬಂದರು.

“ಟೀಚರೇ, ಯಾರು ಬಂದಾರೆ? ಜಗಳ ಬಿಡಿಸ್ಬೇಕಾ?”

“ಜಗಳ ಅಲ್ಲ ಮಾರಾಯ್ರೇ, ಹಾಡು.”

“ಹಾಡಾ? ಹಂಗಾದ್ರೆ ಬಿಡಿಸೋಕಾಗಲ್ಲ” ಎಂದು ಅವರು ವಾಪಸು ಹೋದರು.

ಅತ್ತೆ ಮಾತ್ರ ಅಲುಗಾಡದೆ ಕೂತಿದ್ದಳು.

“ಇವನಿಗೆ ಶ್ರುತಿ ಇಲ್ಲ ಅಲ್ಲನೇ?”

“ಇಲ್ಲ ಅತ್ತೆ.”

“ನನಗಿಂತ ಕಡೆ.”

ನಾನು ಪ್ಲೇಟಿನ ರಟ್ಟು ತಿರುಗಿಸಿ ನೋಡಿದೆ.

“ಆದ್ರೂ ಪ್ಲೇಟ್ ಮಾಡಿದಾರೆ ನೋಡು! ಕೊನೇ ತನಕ ಹಾಡಿದಾನೆ. ಸಾಕಪ್ಪಾ ಅಂತ ಒಬ್ರೂ ಅಂದಿಲ್ಲ!”

ಮುಂದೆ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಆ ಪ್ಲೇಟಿನ ಬಗ್ಗೆ ಓದಿದೆ. ಆ ಬಗೆಯ ಸಂಗೀತಕ್ಕೇ ಪಂಕ್ ಎಂದು ಹೆಸರಂತೆ. ಹಾಡಲು ಬಾರದವರೂ ಹಾಡಬಹುದು ಎಂದು ತೋರಿಸಿಕೊಟ್ಟು ಇಂಗ್ಲೆಂಡನ್ನೇ ಅಲ್ಲಾಡಿಸಿತಂತೆ. ಅಷ್ಟುದ್ದದ ಲೇಖನದಲ್ಲಿ ಹೊಸನಗರದ ಹೆಸರೇ ಇರಲಿಲ್ಲ!

ಹೊಸನಗರದಲ್ಲಿ ಆದದ್ದಾದರೂ ಏನು? ಮೊದಲು ಶಾಲೆ ಅಲ್ಲಾಡಿತು. ಸ್ವರ ಸರಿಯಿಲ್ಲದ ಮಕ್ಕಳನ್ನೆಲ್ಲ ಅತ್ತೆ ಆರಿಸಿ ಮುಂದಿನ ಸಾಲಿನಲ್ಲಿ ನಿಲ್ಲಿಸಿದಳು. ಅವರ ನಡುವೆ ತಾನೂ ನಿಂತು ಗಂಟಲು ಬಿಟ್ಟಳು. ಶಾಲೆಯ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಗೇಟಿನಲ್ಲೇ ಗಾಬರಿಯಾದರು.

“ಏನ್ ಟೀಚರ್, ಮಕ್ಕಳನ್ನ ಹೊಡೀತಿದೀರಾ?”

“ಪ್ರಾರ್ಥನೆ ಸಾರ್.”

“ಯಾರಿಗೆ?”

“ದೇವ್ರಿಗೆ ಸಾರ್. ದೂರ ಇದಾನಲ್ಲ!”

ಆ ವರ್ಷವೇ ಅತ್ತೆಗೆ ತೀರ್ಥಹಳ್ಳಿಗೆ ವರ್ಗವಾಯಿತು. ಸರದಿ ಬಂದಿತ್ತು ಎಂದು ಅಪ್ಪ ಹೇಳಿದರು. ಅತ್ತೆ ಒಪ್ಪಲಿಲ್ಲ. ಪ್ರಾರ್ಥನೆಯಿಂದಲೇ ಆದದ್ದು ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದಳು. ಅಷ್ಟು ಹೆಮ್ಮೆ!

ಆದರೆ ಆ ಒಂದು ದೇವರ ಹಾಡನ್ನು, ಒಬ್ಬಳೇ, ಅವಳು ಹಾಡಲೇ ಇಲ್ಲ. “ಹೇಳು ಅತ್ತೆ” ಎಂದರೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಎಷ್ಟೋ ಸಲ ಮನೆಯಲ್ಲಿ ಹಾಲೇ ಇರುತ್ತಿರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಸಾಗರದ ಮನೆಗೆ ನನ್ನನ್ನು ನೋಡಲು ಬಂದರು. ಹೇಳುವುದು ಮರೆತೆ, ಅತ್ತೆಯ ಕಂಠ ನಮ್ಮ ವಂಶದಲ್ಲಿ ನನಗೊಬ್ಬಳಿಗೇ ಬಂದಿದೆ. ಉಪ್ಪಿಟ್ಟು ಮುಗಿಯಿತು, ಕೇಸರಿಬಾತು ಮುಗಿಯಿತು. ಹುಡುಗನ ತಾಯಿ ಬಾಯಿ ಒರೆಸಿಕೊಂಡರು.

“ಎಲ್ಲಿ, ಒಂದು ಹಾಡು ಹೇಳಮ್ಮ.”

ಎಂ.ಎ. ಎಲ್ಲ ಎಲ್ಲಿಗೆ ಹೋಯಿತೋ, ನಾನು ಖಾಲಿ ತಟ್ಟೆಗಳನ್ನು ಜೋಡಿಸತೊಡಗಿದೆ. ಆಗ ತೀರ್ಥಹಳ್ಳಿಯಿಂದ ಬಂದು ಪಕ್ಕದಲ್ಲಿ ಕೂತಿದ್ದ ಅತ್ತೆ, “ನಾನು ಹೇಳ್ತೀನಿ” ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ. ಅದೇ ದೇವರ ಹಾಡು ಹೊರಟಿತು. ಮಾಡಿನ ಹೆಂಚು ನಡುಗಿತು ಎಂದು ಡೈರಿಯಲ್ಲಿದೆ. ಉತ್ಪ್ರೇಕ್ಷೆಯೇ ಇರಬೇಕು. ಪಲ್ಲವಿ ಮುಗಿಯುವಷ್ಟರಲ್ಲಿ ಹುಡುಗನ ತಾಯಿ ಎದ್ದರು.

“ಸಾಕಮ್ಮ, ಸಾಕು.”

“ಇನ್ನೂ ನಾಲ್ಕು ನುಡಿ ಇದೆ. ಕೂತ್ಕೊಳ್ಳಿ!”

ಟೀಚರ ದನಿ. ಹುಡುಗನ ತಾಯಿ ಕೂತರು. ಗಾಬರಿಯಿಂದ ಎದ್ದಿದ್ದ ಅಪ್ಪನೂ ಕೂತರು. ಹುಡುಗನಂತೂ ಕೈ ಕಟ್ಟಿಕೊಂಡ! ನಾಲ್ಕೂ ನುಡಿ ಮುಗಿದ ಮೇಲೆ ಅವರು ಕಾಫಿಗೂ ನಿಲ್ಲದೆ ಹೋದರು. ನನ್ನನ್ನು ಮಾತ್ರ ಮತ್ತೆ ಯಾರೂ ಹಾಡು ಎಂದು ಕೇಳಲಿಲ್ಲ.

ಅತ್ತೆ ಅಂದು ನಗುತ್ತಾ ಹಾಡಿದಳು ಎಂದೇ ನನಗೆ ನೆನಪು. ಅಮ್ಮ ಹೌದು ಎನ್ನುವುದಿಲ್ಲ. ಡೈರಿಯಲ್ಲಿ ಇರುವುದು ಇಷ್ಟೇ: ಹಾಡು ಮುಗಿಯುವವರೆಗೆ ಅತ್ತೆ ಸೆರಗಿನ ಮರೆಯಲ್ಲಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು, ಬಳೆಯ ಪಿನ್ನು ಒತ್ತಿ ನನ್ನ ಮಣಿಕಟ್ಟಿನ ಮೇಲೆ ಗುರುತು ಮೂಡಿತ್ತು.

ಎಲ್ಲರೂ ಎದ್ದು ಹೋದ ಮೇಲೆ ಅವಳು ಆ ಗುರುತನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ ಕೂತಳು.

“ನಾಲ್ಕನೇ ನುಡಿ ಕೇಳಿಸ್ಕೊಂಡ್ಯನೇ?”

“ಕೇಳಿಸ್ಕೊಂಡೆ ಅತ್ತೆ.”

“ಆ ಹಾಡಲ್ಲಿ ಚಂದ ಇರೋದೇ ಅದು ಕಣೆ. ಅಲ್ಲೀ ತನಕ ಯಾರೂ ಕೂತೇ ಇರ್ಲಿಲ್ಲ.”