ದೊಡ್ಡಪ್ಪನ ಹಲ್ಲುಸೆಟ್ಟು

ನಂದೊಳ್ಳಿಯಲ್ಲಿ ಭಾವನ ಹೊಸ ಮನೆಯ ಪ್ರವೇಶ. ಮೊದಲ ಪಂಕ್ತಿಯಲ್ಲಿ ನಾನು, ನನ್ನ ಎಡಕ್ಕೆ ದೊಡ್ಡಪ್ಪ, ಎದುರು ಸಾಲಿನಲ್ಲಿ ದೊಡ್ಡಮ್ಮ. ಹೋಳಿಗೆ ಬಡಿಸುತ್ತಿದ್ದವನು ಭಾವ. ಇವರಲ್ಲದೆ ದೊಡ್ಡಪ್ಪನ ಹಲ್ಲುಸೆಟ್ಟೂ ಇತ್ತು. ಅದರ ಮೊದಲ ಪ್ರವಾಸ ಅದು, ಹಾಗಾಗಿ ಅದನ್ನೂ ನೆಂಟರ ಲೆಕ್ಕಕ್ಕೇ ಸೇರಿಸುತ್ತೇನೆ.

ಇಂಗ್ಲಿಷಿನಿಂದ ನಮ್ಮ ಮನೆಗೆ ಬಂದ ಮಾತುಗಳಲ್ಲಿ 'ಸೆಟ್' ಎಂಬುದರಷ್ಟು ದುಡಿಯುವ ಆಳು ಇನ್ನೊಂದಿಲ್ಲ. ಹೊಳೆದಂಡೆಯಲ್ಲಿ ಪಂಪ್‌ಸೆಟ್ಟು, ಜಗಲಿಯಲ್ಲಿ ಸೋಫಾಸೆಟ್ಟು, ಶಿರಸಿಯ ಹೋಟೆಲಿನಲ್ಲಿ ಸೆಟ್ ದೋಸೆ. ಅದರ ತವರಿನಲ್ಲಿ ನೀನು ನಾಮಪದವೋ ಕ್ರಿಯಾಪದವೋ ಎಂದು ವಿಚಾರಿಸಿಯೇ ಒಳಗೆ ಬಿಡುತ್ತಾರಂತೆ. ನಾವು ಏನೂ ಕೇಳಲಿಲ್ಲ. 'ಆಗು', 'ಮಾಡು' ಎಂಬ ಎರಡು ಜೊತೆಗಾರರನ್ನು ಕೊಟ್ಟು ಕೆಲಸಕ್ಕೆ ಹಚ್ಚಿದೆವು. ಅಲಾರಾಂ ಸೆಟ್ ಮಾಡುತ್ತೇವೆ, ಗಾರೆ ಸೆಟ್ ಆಗುವವರೆಗೆ ಮೆಟ್ಟಬೇಡಿ ಎಂದು ಕೂಗುತ್ತೇವೆ, ಅತ್ತೆ ಸೊಸೆ ಸೆಟ್ ಆದರು ಎಂದು ಸಮಾಧಾನಪಡುತ್ತೇವೆ. ದೊಡ್ಡಮ್ಮನಿಗಂತೂ ಮೊಸರು ಕೂಡ ಹೆಪ್ಪಾಗುವುದು ಬಿಟ್ಟು ಸೆಟ್ ಆಗತೊಡಗಿ ಬಹಳ ಕಾಲವಾಯಿತು.

ಇದನ್ನು ಸಹಿಸದವರು ದೊಡ್ಡಪ್ಪ ಒಬ್ಬರೇ. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಕೂತಲ್ಲೇ ರಾಜನಾಗಿ ಮಾತಾಡಬೇಕು. ರಾಜನ ಬಾಯಲ್ಲಿ ಇಂಗ್ಲಿಷು ಬರಬಾರದೆಂದು ಅವರು ಮನೆಯಲ್ಲೂ ಬಸ್ಸಿಗೆ 'ಗಾಡಿ' ಎಂದೇ ಅನ್ನುತ್ತಿದ್ದರು. ನಾನು ಕನ್ನಡ ಕಲಿತದ್ದು ಶಾಲೆಗಿಂತ ಹೆಚ್ಚಾಗಿ ಅವರ ಪಕ್ಕದ ಚಾಪೆಯಲ್ಲಿ. ಹಲ್ಲು ಪೂರ್ತಿ ಹೋದ ಮೇಲೆ ರಾಜನ ಮಾತೆಲ್ಲ ಗಾಳಿಯಾಗಿ ಹೊರಬಿತ್ತು. ಅವರು ಅರ್ಥ ಹೇಳುವುದನ್ನೇ ಬಿಟ್ಟರು. ಒಂದು ವರ್ಷ ನಮ್ಮ ಮನೆಯಲ್ಲಿ ಯಾರೂ ತಾಳಮದ್ದಳೆಯ ಸುದ್ದಿ ಎತ್ತಲಿಲ್ಲ. ಕೊನೆಗೆ ದೊಡ್ಡಮ್ಮನೇ ಹಟ ಮಾಡಿ ಶಿರಸಿಯಲ್ಲಿ ಹಲ್ಲು ಕಟ್ಟಿಸಿದಳು. ಹೀಗೆ, ಬಾಗಿಲಲ್ಲೇ ತಡೆದಿದ್ದ 'ಸೆಟ್' ಎಂಬ ಮಾತು ಅವರ ಬಾಯಿಯೊಳಗೇ ಬಂದು ಕೂತಿತು. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ಎಮ್ಮೆಯ ಎದುರು ನಿಂತು ಅಭ್ಯಾಸ ಮಾಡಿದರು. ಎಮ್ಮೆ ಒಮ್ಮೆಯೂ ಎದುರುತ್ತರ ಕೊಡಲಿಲ್ಲ, ಆದರೂ ಅವರು ಗೆದ್ದ ಮುಖದಲ್ಲಿ ಹೊರಗೆ ಬರುತ್ತಿದ್ದರು. ನಂದೊಳ್ಳಿಯಲ್ಲಿ ಊಟದ ಮೇಲೆ ಅವರದೇ ರಾಜನ ಪಾತ್ರ. ಅದಕ್ಕೆಂದೇ ಜನ ಸೇರಿದ್ದರು.

ಹೋಳಿಗೆ ತಿನ್ನುವಾಗ ಸೆಟ್ಟು ಒತ್ತಿತೆಂದು ಕಾಣುತ್ತದೆ. ಯಾರಿಗೂ ಕಾಣದಂತೆ ತೆಗೆದು ಬಾಳೆಲೆಯ ಕುಡಿಯ ಮರೆಯಲ್ಲಿ ಇಟ್ಟರು. ಊಟವಾದ ಮೇಲೆ ಎಲೆಯನ್ನು ನಮ್ಮ ಕಡೆಗೇ ಮಡಚಬೇಕು ಎಂಬುದು ಅವರ ಶಿಸ್ತು. ಎಲ್ಲರಿಗೂ ಕಲಿಸಿದ್ದು ಅವರೇ. ಕೈ ಅಭ್ಯಾಸದಂತೆ ಮಡಚಿತು, ಎದ್ದರು, ಹಲ್ಲಿಲ್ಲದ ದಿನಗಳ ರೂಢಿಯಂತೆ ಕುಟ್ಟಿದ ಎಲೆಯಡಿಕೆಯ ಕವಳ ಹಾಕಿದರು. ಮದ್ದಳೆಗೆ ಶ್ರುತಿ ಕೂಡಿಸುವ ಹೊತ್ತಿಗೆ ಬಾಯಿ ತೊಳೆದು ಬಂದವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ತಮಾ, ಎನ್ನ ಹಲ್ಲು ಎಲೆಯ ಸಂತಿಗೇ ಹೋತು."

ಮಡಚಿದ ಎಲೆಯ ಜೊತೆಗೇ ಹೋಗಿತ್ತು. ಭಾವನೂ ನಾನೂ ಎಂಜಲೆಲೆ ಎಸೆಯುವ ಗೊಬ್ಬರಗುಂಡಿಗೆ ಓಡಿದೆವು. ಹತ್ತಾರು ಎಲೆಗಳಿದ್ದರೆ ಹುಡುಕಬಹುದಿತ್ತು. ಅಲ್ಲಿ ನಾಲ್ಕು ಪಂಕ್ತಿಯ ಎಲೆಗಳು ರಾಶಿ ಬಿದ್ದಿದ್ದವು, ಒಂದೊಂದೂ ದೊಡ್ಡಪ್ಪ ಕಲಿಸಿದ ಹಾಗೆಯೇ ಮಡಚಿಕೊಂಡಿತ್ತು. ಮೇಲಿನಿಂದ ಸಗಣಿಯೂ ಬಿದ್ದಾಗಿತ್ತು. ಬರಿಗೈಯಲ್ಲಿ ವಾಪಸು ಬಂದಾಗ ಭಾಗವತರು ಪದ ಶುರುಮಾಡಿದ್ದರು.

ದೊಡ್ಡಪ್ಪ ರಾಜನ ಜಾಗದಲ್ಲಿ ಕೂತು ಬಾಯಿ ತೆರೆದರು. ಮೊದಲ ವಾಕ್ಯ ಅರ್ಧಕ್ಕೇ ಉಸಿರಾಗಿ ಹೋಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತೋ ಏನೋ. ಅವರು ಸಭೆಗೆ ಕೈಮುಗಿದು ನನ್ನನ್ನು ಕರೆದರು.

"ನೀ ಹೇಳು. ಆನು ಕೇಳ್ತೆ."

ಹೇಳಿದೆ. ನನ್ನದೆಂದು ಒಂದು ವಾಕ್ಯವೂ ಇರಲಿಲ್ಲ, ಎಲ್ಲ ಅವರವೇ. ಚಪ್ಪಾಳೆ ಮಾತ್ರ ನನಗೆ ಬಿತ್ತು. ಅವರು ಶಾಲನ್ನು ಬಾಯಿಗೆ ಹಿಡಿದು ಪಕ್ಕದಲ್ಲೇ ಕೂತಿದ್ದರು. ವಾಪಸು ಬರುವಾಗ ಬಸ್ಸು ಯಲ್ಲಾಪುರ ದಾಟಿತು. ಆಮೇಲೆ, "ಚೊಲೋ ಹೇಳ್ದೆ. ರಾಜಂಗೆ ಸಿಟ್ಟು ಬಪ್ಪಲ್ಲಿ ಮಾತ್ರ ಅವಸರ ಮಾಡ್ದೆ" ಎಂದು ಕಿಟಕಿಯ ಕಡೆ ತಿರುಗಿದರು.

ಇನ್ನೊಂದು ಸೆಟ್ಟು ಮಾಡಿಸೋಣವೆಂದು ದೊಡ್ಡಮ್ಮ ಎಷ್ಟೋ ಸಲ ಹೇಳಿದಳು. ಅವರು ಒಪ್ಪಲಿಲ್ಲ. ಎಮ್ಮೆಯ ಹತ್ತಿರವೂ ಹೋಗಲಿಲ್ಲ. ಗಂಜಿ ಉಣ್ಣಲು ಈ ಬಾಯಿ ಸಾಕು ಎಂದರಂತೆ. ಬೇಸಿಗೆ ಬರುವ ಮೊದಲೇ, ಒಂದು ಬೆಳಿಗ್ಗೆ ಚಾ ಕುಡಿದು ಕೂತಲ್ಲೇ ಹೋಗಿಬಿಟ್ಟರು.

ಹನ್ನೆರಡನೆಯ ದಿನ ಭಾವ ನಂದೊಳ್ಳಿಯಿಂದ ಬಂದ. ಗೊಬ್ಬರ ಹೊರುವಾಗ ಸಿಕ್ಕಿತೆಂದು ಕಾಗದದ ಪೊಟ್ಟಣವೊಂದನ್ನು ತಂದಿದ್ದ. ಚೆನ್ನಾಗಿ ತೊಳೆದಿದ್ದ, ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ಒಳಗೆ ದೊಡ್ಡಪ್ಪನಿಗೆಂದು ಎಲೆ ಹಾಕಿ, ಅವರಿಗೆ ಇಷ್ಟವಾದ ಹೋಳಿಗೆ, ಕವಳ ಎಲ್ಲ ಬಡಿಸುತ್ತಿದ್ದರು. ದೊಡ್ಡಮ್ಮ ಪೊಟ್ಟಣ ಬಿಚ್ಚಿ ನೋಡಿದಳು, ಸೆರಗಿನಲ್ಲಿ ಇನ್ನೊಮ್ಮೆ ಒರೆಸಿದಳು, ನನ್ನ ಮುಖ ನೋಡಿದಳು.

"ಇದನ್ನೂ ಎಲೆ ಹತ್ರ ಇಡ್ಲಾ ತಮಾ?"

ಸಭೆಯಲ್ಲಿ ರಾಜನಾಗಿ ಚಪ್ಪಾಳೆ ಗಿಟ್ಟಿಸಿದವನು ನಾನು. ದೊಡ್ಡಮ್ಮನ ಎದುರು ಒಂದು ಶಬ್ದವೂ ಹೊರಡಲಿಲ್ಲ. ನನ್ನ ಬಾಯಲ್ಲಿ ಹಲ್ಲು ಅಷ್ಟೂ ಇದ್ದವು.

ಅವಳೇ ಇಟ್ಟಳು, ಹೋಳಿಗೆಯ ಪಕ್ಕಕ್ಕೆ. ಆಮೇಲೆ ಎಲೆ ತೆಗೆಯುವಾಗ ಮಡಚದೆ, ಬಿಚ್ಚಿದ ಹಾಗೆಯೇ ಎತ್ತಿದಳು.