ಲಿಯೊನೆಲ್‌ನ ಸಮುದ್ರಾಭ್ಯಾಸ

ಇಷ್ಟಕ್ಕೆಲ್ಲ ಕಾರಣ ಒಂದು ವಾಂತಿ. ಅದೂ ಆದ ವಾಂತಿಯಲ್ಲ, ಆಗಬಹುದೆಂದು ಲಿಯೊನೆಲ್ ಲೋಬೊ ಮುಂಗಡವಾಗಿ ಹೆದರಿದ್ದ ವಾಂತಿ.

ಲಿಯೊನೆಲ್ ಹುಟ್ಟಿದ್ದು ಮಂಗಳೂರಿನಲ್ಲಿ, ಅನ್ನ ತಿನ್ನುವುದು ಕೊಲ್ಲಿ ನಾಡಿನ ಜೆಬೆಲ್ ಅಲಿ ಬಂದರಿನ ದಯೆಯಿಂದ. ಲೋಕದ ಸಾಮಾನನ್ನೆಲ್ಲ ಹಡಗಿಗೆ ಹತ್ತಿಸುವ ಕಂಪೆನಿಯಲ್ಲಿ ತಲೆ ನರೆಸಿಕೊಂಡವನು ತಾನು ಮಾತ್ರ ಒಂದು ಹಡಗಿನ ಏಣಿಯನ್ನೂ ಮುಟ್ಟಿರಲಿಲ್ಲ. ಬಚ್ಚಲಿನ ಬಕೆಟ್ಟಿನಲ್ಲಿ ನೀರು ಅಲ್ಲಾಡಿದರೂ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಅಂಥವನು ಮದುವೆಯ ಬೆಳ್ಳಿಹಬ್ಬಕ್ಕೆಂದು, ಹೆಂಡತಿ ಮೆಟಿಲ್ಡಾಗೂ ಹೇಳದೆ, ಬುಕ್ ಮಾಡಿದ್ದು ಹಾಯಿದೋಣಿ. ಗ್ರೀಸಿನಲ್ಲಿ ಹತ್ತಿ, ಇಟಲಿಯ ದಂಡೆ ಹಿಡಿದು, ಚಂದ ಕಂಡ ಊರಲ್ಲಿ ಲಂಗರು ಹಾಕಿ, ಉಂಡು, ಮಲಗಿ, ಮೆಡಿಟರೇನಿಯನ್ ಸಮುದ್ರದಲ್ಲಿ ಕೆರೆಗಿಳಿದ ಎಮ್ಮೆಯಷ್ಟು ನಿಧಾನವಾಗಿ ಎರಡು ವಾರ.

ಇಷ್ಟು ವರ್ಷದ ರಜೆಯೆಲ್ಲ ಊರಿನವರ ಮದುವೆ, ಮನೆಯೊಕ್ಕಲು, ಆಸ್ಪತ್ರೆ ಎಂದು ಹಂಚಿಹೋಗಿತ್ತು. "ಈ ಸಲ ಯಾರಪ್ಪ ಬಂದರೂ ಊರಿಗೆ ಹೋಗುವುದಿಲ್ಲ" ಎಂದು ಲಿಯೊನೆಲ್ ಕನ್ನಡಿಯ ಮುಂದೆ ಸವಾಲು ಹಾಕಿದ್ದ. ಕನ್ನಡಿ ಒಪ್ಪಿತ್ತು. ಒಪ್ಪದಿದ್ದದ್ದು ದೇರಾ ಬಡಾವಣೆಯ ಅವನ ಬಿಲ್ಡಿಂಗು, ತುಂಬ ಊರಿನವರೇ. ರಜೆ ಎಂಬ ಶಬ್ದ ಕೇಳಿದರೆ ಸಾಕು, ಊರಿಗೆ ಕಳಿಸುವ ಪಾರ್ಸೆಲುಗಳು ಬಾಗಿಲಲ್ಲಿ ಸಾಲುಗಟ್ಟುತ್ತಿದ್ದವು. ಗ್ರೀಸಿಗೆ ಎಂದರೂ "ದಾರಿಯಲ್ಲೇ ಅಲ್ವಾ ಮಂಗಳೂರು" ಎಂದು ಎರಡು ಕಿಲೋ ಖರ್ಜೂರ ಹೊರಿಸುವ ಜನ. ಹಾಗಾಗಿ ಎದುರು ಫ್ಲ್ಯಾಟಿನ ಪುತ್ತೂರು ಕೃಷ್ಣಪ್ಪನದ್ದೇ ಟೈಪಿಂಗ್ ಸೆಂಟರ್ ಇದ್ದರೂ, ಲಿಯೊನೆಲ್ ವೀಸಾ ಅರ್ಜಿಯನ್ನು ಅಬುಧಾಬಿಗೆ ಹೋಗಿ ಟೈಪ್ ಮಾಡಿಸಿ ಬಂದಿದ್ದ.

ಹೊರಡಲು ಒಂದು ವಾರವಿತ್ತು. ಉಳಿದದ್ದು ಹೊಟ್ಟೆಯನ್ನು ಪಳಗಿಸುವ ಕೆಲಸ. ಆ ಗುರುವಾರ ಆಫೀಸಿಗೆ ಜ್ವರವೆಂದು ಮೆಸೇಜು ಹಾಕಿದ. ಮೆಟಿಲ್ಡಾಗೆ ಅನುಮಾನ ಬಾರದಂತೆ ಟೈ, ಟಿಫಿನ್ ಸಮೇತ ಮನೆ ಬಿಟ್ಟ. ಕಂಪೆನಿ ಬಸ್ಸು ಹೋಗುವವರೆಗೆ ಮೂಲೆಯ ಸೆಲೂನಿನ ಹಿಂದೆ ಅಡಗಿದ್ದು, ಪೇಟೆ ನಡುವಿನ ಕಡಲ್ಗಾಲುವೆ ಕ್ರೀಕ್ ದಾಟಿಸುವ ಅಬ್ರಾ ದೋಣಿ ಹತ್ತಿದ. ಆಚೆ ದಡ ಮುಟ್ಟಿದೊಡನೆ ಇಳಿದು ಇನ್ನೊಂದು ಅಬ್ರಾದಲ್ಲಿ ಈಚೆಗೆ. ಈಚೆಗೆ ಬಂದೊಡನೆ ಮತ್ತೆ ಆಚೆಗೆ. ಒಂದು ಕೈಯಲ್ಲಿ ಟಿಫಿನ್, ಇನ್ನೊಂದರಲ್ಲಿ ವಾಂತಿ ಹಿಡಿಯಲು ಪ್ಲಾಸ್ಟಿಕ್ ತೊಟ್ಟೆ. ಮುಖಕ್ಕೆ ಹಾಗಲಕಾಯಿ ಬೇಯಿಸಿದ ನೀರಿನ ಬಣ್ಣ.

ಕೃಷ್ಣಪ್ಪನ ಟೈಪಿಂಗ್ ಸೆಂಟರಿನ ಕಿಟಕಿ ಇದ್ದದ್ದು ಸರಿಯಾಗಿ ದೋಣಿಕಟ್ಟೆಯ ಎದುರಿಗೆ. ಒಂದು ಗಂಟೆ ನೋಡಿದವನೇ ಹೆಂಡತಿಗೆ ಫೋನು ಮಾಡಿದ.

"ಪ್ರಫುಲ್ಲಾ, ಲಿಯೊನೆಲರ ಕೆಲಸ ಹೋಗಿದೆ ಮಾರಾಯ್ತಿ."

"ಅಯ್ಯೋ ದೇವರೇ! ಅವ್ರೇ ಹೇಳಿದ್ರಾ?"

"ಅದನ್ನೆಲ್ಲ ಯಾರಾದ್ರೂ ಹೇಳ್ತಾರಾ? ಟೈ ಕಟ್ಕೊಂಡು ಅಬ್ರಾದಲ್ಲಿ ಆಚೆ ಈಚೆ ಹೋಗ್ತಾ ಇದ್ದಾರೆ. ಮನೆಯಲ್ಲಿ ಕೂರ್ಲಿಕ್ಕೆ ಧೈರ್ಯ ಇಲ್ಲ, ಹೋಗ್ಲಿಕ್ಕೆ ಆಫೀಸು ಇಲ್ಲ."

"ಕೈಯಲ್ಲಿ ಎಂಥ ಉಂಟು?"

"ಒಂದು ಖಾಲಿ ತೊಟ್ಟೆ."

"ಛೆ! ಮೇಜಿನ ಸಾಮಾನು ತುಂಬಿಸಿ ಹೊರಡಿ ಅಂತ ಕೊಟ್ಟದ್ದಾಗಿರ್ಬೇಕು. ಅಷ್ಟು ವರ್ಷ ದುಡಿದು ಒಂದು ಪೆನ್ನೂ ಸಿಗ್ಲಿಲ್ವಾ ಪಾಪ!"

ಕೃಷ್ಣಪ್ಪ ಅಂಗಡಿಯಿಂದಿಳಿದು ಕಟ್ಟೆಗೆ ಬಂದ. "ಲಿಯೊನೆಲರೇ, ಎಲ್ಲಿಗೆ ಹೊರಟದ್ದು?"

"ಆಚೆಗೆ."

"ಆಮೇಲೆ?"

"ಈಚೆಗೆ."

"ಎಂಥದೇ ಇರ್ಲಿ, ನನ್ನತ್ರ ಹೇಳಿ. ನಾವೆಲ್ಲ ಇರುದು ಯಾಕೆ?"

"ಅದೇ ನನಗೂ ಗೊತ್ತಾಗುದಿಲ್ಲ!" ಎಂದು ಗದರಿ ಲಿಯೊನೆಲ್ ಎದೆಯುಬ್ಬಿಸಿ ದೋಣಿಗೆ ಕಾಲಿಟ್ಟ. ದೋಣಿ ಓಲಾಡಿತು. ಅವನು ತೊಟ್ಟೆಗೆ ಮುಖ ಹಾಕಿ ಬಗ್ಗಿದ. ಹಿಂದಿನಿಂದ ನೋಡಿದ ಕೃಷ್ಣಪ್ಪನಿಗೆ ಕಂಡದ್ದು ಬಿಕ್ಕಿ ಬಿಕ್ಕಿ ಅಲುಗುವ ಎರಡು ಭುಜಗಳು.

ಕರುಣೆ ಬಂದರೆ ಕೃಷ್ಣಪ್ಪ ಕೈಕಟ್ಟಿ ಕೂರುವವನಲ್ಲ. ಎಂದೋ ಟೈಪ್ ಮಾಡಿಕೊಟ್ಟಿದ್ದ ಲಿಯೊನೆಲ್‌ನ ಸಿವಿ ಕಂಪ್ಯೂಟರಿನಲ್ಲೇ ಇತ್ತು. "ಅರ್ಜೆಂಟ್. ಒಳ್ಳೆ ಜನ. ಯಾವ ಕೆಲಸ ಆದರೂ ಮಾಡ್ತಾರೆ" ಎಂಬ ಒಕ್ಕಣೆಯೊಡನೆ ಕರಾವಳಿಯವರ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹರಿಯಬಿಟ್ಟ.

ಮಧ್ಯಾಹ್ನದಿಂದ ಲಿಯೊನೆಲ್‌ನ ಫೋನು ಬಾಯಿ ಮುಚ್ಚಲಿಲ್ಲ.

"ನಿಮಗೆ ಫೋರ್ಕ್‌ಲಿಫ್ಟ್ ಓಡಿಸ್ಲಿಕ್ಕೆ ಬರ್ತದಾ?" ಎಂದು ಶಾರ್ಜಾದಿಂದ ಯಾರೋ ಕೇಳಿದರು.

"ನನಗೆ ಕೆಲಸ ಬೇಡ!"

"ಹಾಗೆಲ್ಲ ಆಸೆ ಬಿಡ್ಬಾರ್ದು. ಫೋರ್ಕ್‌ಲಿಫ್ಟ್ ಕಲಿತರಾಯ್ತು."

ಇದು ಯಾವುದೋ ಮಾರ್ಕೆಟಿಂಗಿನವರ ಕಾಟವೆಂದು ಬಗೆದು ಅವನು ಫೋನನ್ನು ಮೂಕ ಮಾಡಿ ಕಿಸೆಗಿಳಿಸಿದ. ಸಂಜೆಯ ಹೊತ್ತಿಗೆ ಸಮುದ್ರ ಸೋತಿತ್ತು. ನಡುನೀರಿನಲ್ಲಿ, ಅಲೆಯ ಹೊಡೆತಕ್ಕೆ ದೋಣಿ ಉಯ್ಯಾಲೆಯಾಡುತ್ತಿರುವಾಗಲೇ, ಲಿಯೊನೆಲ್ ಟಿಫಿನ್ ಬಿಚ್ಚಿ ಬಂಗುಡೆ ಸಾರಿನ ಅನ್ನವನ್ನು ಕೊನೆಯ ಅಗುಳಿನವರೆಗೆ ತಿಂದ. ಹೊಟ್ಟೆ ಉಸಿರೆತ್ತಲಿಲ್ಲ.

ಗೆದ್ದ ಮನುಷ್ಯನ ನಡಿಗೆಯಲ್ಲಿ ಮನೆಗೆ ಬಂದರೆ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಇಡೀ ಬಿಲ್ಡಿಂಗು. ಪ್ರಫುಲ್ಲಾ ತಂದ ಕೋಳಿ ಸುಕ್ಕದ ಪಾತ್ರೆ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಅತ್ತು ಕಣ್ಣು ಕೆಂಪಾದ ಮೆಟಿಲ್ಡಾ ಎದ್ದು ಬಂದಳು.

"ಲಿಯೊ, ನನ್ನತ್ರ ಹೇಳ್ಬಾರ್ದಿತ್ತಾ? ಕೆಲಸ ಹೋದ್ರೆ ಹೋಗ್ಲಿ. ಅಬ್ರಾದಲ್ಲಿ ಕೂತು ಅಳುದು ಯಾಕೆ?"

"ಯಾರ ಕೆಲಸ ಹೋದದ್ದು?" ಲಿಯೊನೆಲ್ ಸಿಡಿದ. "ನಾನು ವಾಂತಿ ಮಾಡ್ತಾ ಇದ್ದದ್ದು! ಮುಂದಿನ ವಾರ ನಿನ್ನನ್ನು ಮೆಡಿಟರೇನಿಯನ್‌ಗೆ ಕರ್ಕೊಂಡು ಹೋಗ್ಲಿಕ್ಕೆ! ಹಾಯಿದೋಣಿಯಲ್ಲಿ! ಎರಡು ವಾರ! ಊರಿಗೆ ಹೋಗುದಿಲ್ಲ, ಯಾರ ಪಾರ್ಸೆಲೂ ಮುಟ್ಟುದಿಲ್ಲ. ಖಲಾಸ್!"

ಟಿಕೆಟನ್ನು ಫೋನಿನಲ್ಲಿ ತೆರೆದು ಎಲ್ಲರ ಮೂಗಿನೆದುರು ಆರತಿಯಂತೆ ಸುತ್ತಿಸಿದ. ಮೆಟಿಲ್ಡಾಳ ಮುಖ ಅರಳಿತು. ಉಳಿದ ಮುಖಗಳೆಲ್ಲ ಒಡೆದ ಹಾಲಾದವು. ಕೆಲಸ ಕಳೆದುಕೊಂಡವನನ್ನು ತಬ್ಬಿಕೊಳ್ಳಲು ಬಂದವರಿಗೆ ಗ್ರೀಸಿಗೆ ಹೊರಟವನನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಪ್ರಫುಲ್ಲಾ ಮೆಲ್ಲಗೆ ಕೋಳಿಯ ಪಾತ್ರೆಗೆ ಮುಚ್ಚಳ ಹಾಕಿದಳು.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ನಡುಗಿತು. ಮ್ಯಾನೇಜರ್ ಪೃಥ್ವಿರಾಜ್.

"ಕೇಳಿ, ಎಲ್ಲರೂ ಕೇಳಿ! ಕೆಲಸ ಉಂಟೋ ಇಲ್ವೋ ಅವರ ಬಾಯಿಂದಲೇ ಕೇಳಿ!" ಎಂದು ಲಿಯೊನೆಲ್ ಸ್ಪೀಕರ್ ಹಾಕಿದ.

"ಲಿಯೊನೆಲ್, ಜ್ವರ ಬಿಟ್ಟಿತಾ? ನಿಮ್ಮ ಸಿವಿ ನಾನಿರುವ ಗ್ರೂಪಿಗೆಲ್ಲ ಬಂದಿದೆ ಮಾರಾಯ್ರೆ. ಜ್ವರ ಅಂತ ಹೇಳಿ ಇಂಟರ್‌ವ್ಯೂಗೆ ಸುತ್ತುದಾ? ಮುಂದಿನ ವಾರ ರಜೆ ಕೇಳಿದ್ದೂ ಇದಕ್ಕೇ ಅಲ್ವಾ? ಅದು ಕ್ಯಾನ್ಸಲ್. ನಾಳೆ ಸರಿಯಾಗಿ ಡ್ಯೂಟಿಗೆ ಬನ್ನಿ."

ಬೇರೆ ದಿನವಾಗಿದ್ದರೆ ಲಿಯೊನೆಲ್ "ಸರಿ ಸಾರ್" ಎನ್ನುತ್ತಿದ್ದ. ಆದರೆ ಇವತ್ತು ಅವನು ಸಮುದ್ರವನ್ನೇ ಸೋಲಿಸಿ ಬಂದಿದ್ದ.

"ಹಾಗಾದ್ರೆ ನಿಮ್ಮ ಡ್ಯೂಟಿಯೇ ಬೇಡ! ರಾಜೀನಾಮೆ! ಈಗಲೇ!"

ಮದುವೆಯ ದಿನವೂ ನೋಡಿರದ ರೀತಿಯಲ್ಲಿ ಮೆಟಿಲ್ಡಾ ಗಂಡನನ್ನು ನೋಡಿದಳು.

"ಆಯ್ತು," ಎಂದಿತು ಸ್ಪೀಕರ್, ಯಾವ ಬೇಸರವೂ ಇಲ್ಲದೆ. "ಇಮೇಲ್ ಹಾಕಿ. ಇವತ್ತಿಂದ ಒಂದು ತಿಂಗಳು ನೋಟಿಸ್. ನೋಟಿಸ್ ಪೀರಿಯಡ್‌ನಲ್ಲಿ ರಜೆ ಇಲ್ಲ, ಗೊತ್ತುಂಟಲ್ಲ? ಹೇಳದೆ ಹೋದ್ರೆ ಕೆಲಸ ಬಿಟ್ಟು ಓಡಿದ್ದು ಅಂತ ಕಂಪ್ಲೇಂಟ್ ಕೊಡ್ಬೇಕಾಗ್ತದೆ. ಆಮೇಲೆ ಇಲ್ಲಿಗೆ ವಾಪಸ್ ಬರ್ಲಿಕ್ಕಾಗುದಿಲ್ಲ." ಫೋನು ಕಟ್ಟಾಯಿತು.

ಎಲ್ಲರ ಮುಖಕ್ಕೂ ಪ್ರೀತಿ ಮರಳಿ ಬಂತು. ಕೃಷ್ಣಪ್ಪ ಓಡಿಬಂದು ಲಿಯೊನೆಲ್‌ನನ್ನು ಅಪ್ಪಿಕೊಂಡ.

"ನಾನು ಬೆಳಿಗ್ಗೆಯೇ ಹೇಳಿದ್ದೆ, ಕೆಲಸ ಹೋಗಿದೆ ಅಂತ. ನೀವೇ ಒಪ್ಲಿಲ್ಲ. ಹೆದರ್ಬೇಡಿ ಲಿಯೊನೆಲರೇ, ನಾವಿದ್ದೇವೆ."

ಪ್ರಫುಲ್ಲಾ ಕಣ್ಣೊರೆಸಿಕೊಳ್ಳುತ್ತ ಪಾತ್ರೆಯ ಮುಚ್ಚಳ ತೆಗೆದಳು. ಮೆಟಿಲ್ಡಾ ಗಂಡನ ಕಿವಿಯಲ್ಲಿ, "ರಾಜೀನಾಮೆ ಹಿಂದೆ ತಗೊಂಡ್ರೆ ಜಾಗ್ರತೆ" ಎಂದಳು.

ಲಿಯೊನೆಲ್ ತಲೆ ತಗ್ಗಿಸಲಿಲ್ಲ. ಟೈ ಸಡಿಲಿಸಿ, ಕುರ್ಚಿ ಎಳೆದು ಯಜಮಾನನಂತೆ ಮೇಜಿನ ತುದಿಗೇ ಕೂತು, ಬಟ್ಟಲು ಮುಂದೆ ಚಾಚಿದ.

"ಕೋಳಿಯ ಎರಡು ಕಾಲೂ ನಮ್ಮಿಬ್ಬರಿಗೇ ಬೀಳ್ಬೇಕು," ಎಂದ.