ತಿರುಗಿಸಿ ಹಾಕಿದ ವಾಷರ್

ನಡೆದದ್ದು ಇಷ್ಟೇ. ಕಾರಿನ ಎಣ್ಣೆ ಸೋರಿತು. ಸೋರುವಂತೆ ಮಾಡಿದವಳು ನಾನು, ಅದರ ಮೇಲೆ ಸೆಗಣಿ ಬಳಿದು ರಂಗೋಲಿ ಬಿಟ್ಟವಳೂ ನಾನು. ಮಿಕ್ಕಿದ್ದನ್ನು ನಮ್ಮ ಬೀದಿಯವರು ಉಪ್ಪುಖಾರ ಹಚ್ಚಿ ಹೇಳುತ್ತಾರೆ, ನಂಬಬೇಡಿ.

ನಾನು ಓದಿದ್ದು ಮತ್ತೋಡಿನ ಶಾಲೆಯಲ್ಲಿ ಮೂರನೇ ಕ್ಲಾಸು. ಆದರೆ ಸಾಮಾನು ಉಳಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಕುಕ್ಕರಿನ ರಬ್ಬರು ಸಡಿಲವಾದರೆ ತಿರುಗಿಸಿ ಹಾಕುತ್ತೇನೆ. ಆ ಮಗ್ಗುಲೂ ಸಡಿಲವಾದರೆ ತಣ್ಣೀರಿನಲ್ಲಿ ನೆನೆಸಿ ಮತ್ತೆ ತಿರುಗಿಸುತ್ತೇನೆ. ಸೀಟಿ ಹಾಕದೆ ಬರೀ ಬುಸುಗುಟ್ಟಿದರೆ ಮುಚ್ಚಳದ ಮೇಲೆ ಗುಂಡುಕಲ್ಲು ಇಡುತ್ತೇನೆ. ಆಗ ಸೊಸೆ ಮಂಜುಳ ಅಡುಗೆಮನೆ ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಾಳೆ. ಹೆದರುಪುಕ್ಕಲಿ.

ಮಗ ತಿಪ್ಪೇಶ ಆಗ ಹೊಸದುರ್ಗದಲ್ಲಿ ಅಂಬಾಸಿಡರ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ನಾಲ್ಕನೇ ಮನೆಯ ಗಂಗಮ್ಮನ ಮಗಳು ಶೈಲಳ ಮದುವೆ ಬಿ.ದುರ್ಗದಲ್ಲಿ. ಹೆಣ್ಣನ್ನು ಮುಹೂರ್ತಕ್ಕೆ ಮುಟ್ಟಿಸುವ ಜವಾಬ್ದಾರಿ ಇವನದು. ಅದಕ್ಕೇ ಹಿಂದಿನ ದಿನ ನಮ್ಮ ಅಂಗಳದಲ್ಲಿ ಕಾರಿನಡಿ ಮಲಗಿ, ಎಂಜಿನ್ನಿನ ಹೊಟ್ಟೆಯ ಕೆಳಗಿನ ದಪ್ಪ ಬೋಲ್ಟು ಬಿಚ್ಚಿ, ಹಳೆಯ ಎಣ್ಣೆ ಇಳಿಸಿದ. ಆ ಬೋಲ್ಟಿನ ಕುತ್ತಿಗೆಗೆ ಒಂದು ತಾಮ್ರದ ಉಂಗುರವಿತ್ತು. ವಾಷರ್ ಅನ್ನುತ್ತಾರೆ.

“ಅವ್ವಾ, ಹೊಸ ವಾಷರ್ ತರೋದು ಮರ್ತೆ. ಪ್ಯಾಟೆಗೆ ಹೋಗಿ ಬರ್ತೀನಿ,” ಎಂದು ಎದ್ದ.

“ಇದಕ್ಕೇನು ರೋಗ ಬಂದೈತೆ? ಕುಕ್ಕರ್ ರಬ್ಬರಿನಂಗೆ ತಿರುಗ್ಸಿ ಹಾಕಲೇ.”

“ಅದು ಬ್ಯಾರೆ, ಇದು ಬ್ಯಾರೆ ಅವ್ವಾ.”

“ನಿನ್ನ ಹೆತ್ತೋಳಿಗೆ ಹೇಳ್ಕೊಡಾಕೆ ಬರ್ತೀಯ? ಹಾಕು ಅಂದ್ರೆ ಹಾಕು.”

ಹಾಕಿದ. ಮೇಲೆ ಹೊಸ ಎಣ್ಣೆ ತುಂಬಿದ. ಹೇಳಿದ ಮಾತು ಕೇಳುವ ಮಗ. ಅವನಲ್ಲಿರುವ ದೋಷ ಅದೊಂದೇ.

ಮರುದಿನ ನಸುಕಿನಲ್ಲಿ ಅವನು ಕಾರನ್ನು ಗಂಗಮ್ಮನ ಬಾಗಿಲಿಗೆ ಒಯ್ದು ಹೂವು ಕಟ್ಟುತ್ತಿದ್ದ. ನಾನು ಅಂಗಳ ಸಾರಿಸಲು ಬಂದರೆ, ಕಾರು ನಿಂತಿದ್ದ ಜಾಗದಲ್ಲಿ ತಟ್ಟೆಯಗಲದ ಎಣ್ಣೆಕರೆ. ಮಗನನ್ನು ಕೂಗಬೇಕಿತ್ತು. ಕೂಗಿದರೆ ನನ್ನ ಬುದ್ಧಿವಂತಿಕೆ ಬೀದಿಗೆಲ್ಲ ಗೊತ್ತಾಗುತ್ತದೆ. ದಪ್ಪಗೆ ಸೆಗಣಿ ಬಳಿದು, ಹಬ್ಬದ ದಿನ ಬಿಡುವಂಥ ದೊಡ್ಡ ರಂಗೋಲಿ ಬಿಟ್ಟು, ಕೈ ತೊಳೆಯಲು ಹೊರಟೆ.

“ಅತ್ತೆ, ರಂಗೋಲಿ ಯಾಕೆ ಕರ್ರಗಾಗ್ತಾ ಐತೆ?” ಅಂದಳು ಮಂಜುಳ.

ತಿರುಗಿ ನೋಡಿದೆ. ಬಿಳಿ ಗೆರೆಗಳ ಕೆಳಗಿನಿಂದ ಕರೆ ಏಳುತ್ತಿತ್ತು. ಇಲ್ಲೇ ಇಷ್ಟು ಸೋರಿದ್ದರೆ ಅಲ್ಲಿ ಇನ್ನೂ ಸೋರುತ್ತಿರಬೇಕು. ದಾರಿಯಲ್ಲಿ ಎಣ್ಣೆ ಮುಗಿದು ಎಂಜಿನ್ನು ಹಿಡಿದುಕೊಂಡು ಕಾರು ನಿಂತರೆ ಮುಹೂರ್ತ ತಪ್ಪುತ್ತದೆ. ಆಮೇಲೆ ಜನ ತಪ್ಪನ್ನು ವಾಷರಿನ ಮೇಲೆ ಹಾಕುವುದಿಲ್ಲ, ಹೆಣ್ಣಿನ ಕಾಲ್ಗುಣ ಅನ್ನುತ್ತಾರೆ. ಶೈಲ ಬದುಕಿರುವವರೆಗೆ ಅದನ್ನು ಕೇಳಬೇಕು.

ಅಷ್ಟರಲ್ಲಿ ಅವಳು ಕಾರಿನಲ್ಲಿ ಕುಳಿತಾಗಿತ್ತು. ಶುಭಕಾರ್ಯಕ್ಕೆ ಹೊರಟವರನ್ನು ಹಿಂದಿನಿಂದ ಕೂಗಬಾರದಲ್ಲ, ಸೆಗಣಿ ಕೈಯಲ್ಲೇ ಓಡಿ, ಕಾರನ್ನು ಬಳಸಿಕೊಂಡು ಹೋಗಿ ಮುಂದೆ ನಿಂತೆ.

“ಏನು ದೊಡ್ಡಮ್ಮ, ಒಳ್ಳೇ ಟೇಮಿಗೆ ಅಡ್ಡ ಬಂದ್ಯಲ್ಲ!” ಎಂದು ಗಂಗಮ್ಮ ಕಣ್ಣು ಬಿಟ್ಟಳು.

“ಇಳೀರಿ ಎಲ್ಲ. ಎಣ್ಣೆ ಸೋರ್ತಾ ಐತೆ. ಹಳೇ ವಾಷರ್ ಹಾಕ್ಸಿದೋಳು ನಾನೇ.”

ತಿಪ್ಪೇಶ ಕೂಗಿದ್ದಕ್ಕೆ ಹಿಂದಿನ ಓಣಿಯಿಂದ ಮೆಕ್ಯಾನಿಕ್ ಬಾಷಾ ಸಾಹೇಬರು ಲುಂಗಿಯಲ್ಲೇ ಬಂದರು. “ಅಮ್ಮಾ, ಆಯಿಲ್ ಹೊಸದೈತೆ, ಚೆಲ್ಲಾದು ಬ್ಯಾಡ. ಒಂದು ಸಾಫ್ ಪಾತ್ರೆ ಕೊಡ್ರಿ,” ಅಂದರು. ಮೊಮ್ಮಕ್ಕಳಿಗೆ ಪಾಯಸ ಮಾಡುವ ಬೋಗುಣಿ ಕೊಟ್ಟೆ. ಮಂಜುಳ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗಲಿ.

ಎಣ್ಣೆ ಇಳಿದ ಮೇಲೆ ಸಾಹೇಬರು ಹಳೆಯ ವಾಷರನ್ನೂ ತಾವು ತಂದಿದ್ದ ಹೊಸದನ್ನೂ ಅಂಗೈಯಲ್ಲಿಟ್ಟು ತೋರಿಸಿದರು. “ನೋಡ್ರಮ್ಮ, ಎರಡು ಕಬ್ಬಿಣದ ನಡುವೆ ಇದು ಮೆತ್ತಗಿರಬೇಕು. ಬಿಗಿ ಮಾಡಿದ್ರೆ ತಾನು ಅಮುಕ್ಕೊಂಡು ಸಂದು ಮುಚ್ತೈತೆ. ಒಂದು ಸಲ ಅಮುಕ್ಕೊಂಡ್ರೆ ಅದರ ಕೆಲಸ ಮುಗೀತು. ತಿರುಗ್ಸಿದ್ರೂ ಅಷ್ಟೇ, ಬೈದ್ರೂ ಅಷ್ಟೇ.”

ನಾನು ಹಳೆಯದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ.  ಎಂಟು ಜನರನ್ನು ಹೊತ್ತು ಜೋಗಿಮಟ್ಟಿ ಬೆಟ್ಟ ಏರಿದ ಕಾರು ಅದು. ಅದರ ಜೀವ ನಿಂತಿದ್ದು ಕಾಲುಂಗುರದಷ್ಟು ತಾಮ್ರದ ಮೇಲೆ! ಅದೂ ಗಟ್ಟಿಯಾಗಿದೆ ಎಂದಲ್ಲ, ಮೆತ್ತಗಿದೆ ಎಂದು. ಸಾಹೇಬರು ಬೋಲ್ಟು ಬಿಗಿದು, ಬೋಗುಣಿಯ ಎಣ್ಣೆ ಸುರಿದು, ಕಡಿಮೆಬಿದ್ದಷ್ಟು ತಮ್ಮ ಡಬ್ಬದಿಂದ ಹಾಕಿ, ಎಂಜಿನ್ನು ಶುರು ಮಾಡಿಸಿದರು. ಕೆಳಗೆ ಬೆರಳಾಡಿಸಿ ತೋರಿಸಿದರು. ಬೆರಳು ಒಣಗಿಯೇ ಇತ್ತು. ಒಂದು ತೊಟ್ಟಿಲ್ಲ. ದೇವರ ಮುಂದೆಯೂ ನಾನು ಅಷ್ಟು ಹೊತ್ತು ಕಣ್ಣರಳಿಸಿ ನಿಂತವಳಲ್ಲ.

ಕಾರು ಮುಹೂರ್ತಕ್ಕೆ ಮುಂಚೆಯೇ ಬಿ.ದುರ್ಗ ಮುಟ್ಟಿತು. ಕಾಲುಂಗುರ ತೊಡಿಸುವಾಗ ಎಲ್ಲರೂ ಹೆಣ್ಣಿನ ಮುಖ ನೋಡುತ್ತಿದ್ದರು. ನಾನು ಉಂಗುರ ನೋಡುತ್ತಿದ್ದೆ, ಹೊಸದು ತಾನೇ ಎಂದು.

ಮಾರನೆಯ ಬೆಳಿಗ್ಗೆ ಅಂಗಡಿಯವನು ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕಾದು ಕುಳಿತು, ಕುಕ್ಕರಿಗೆ ಹೊಸ ರಬ್ಬರು ತಂದೆ. ಮಂಜುಳ ಒಲೆಯ ಪಕ್ಕದಲ್ಲೇ ನಿಂತು ಮೂರು ಸೀಟಿ ಎಣಿಸಿದಳು. ಹಳೆಯ ರಬ್ಬರನ್ನು ಎಸೆಯಲಿಲ್ಲ, ಹಿಟ್ಟಿನ ಡಬ್ಬದ ಮುಚ್ಚಳಕ್ಕೆ ಹಾಕಿದೆ. ಸ್ವಲ್ಪ ಸಡಿಲವಾಯಿತು. ತಿರುಗಿಸಿ ಹಾಕಿದೆ.